ಚಿಕ್ಕಪ್ಪ ಬರೆಯದ ಗಂಟೆಗಳು

ನಮ್ಮ ಚಿಕ್ಕಪ್ಪನನ್ನು ಠಾಣೆಯಲ್ಲಿ ಎಲ್ಲರೂ ಕರೆಯುವುದೇ ‘ಸ್ಕೇಲು’ ಅಂತ. ಪೊಲೀಸ್ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಯಿತು, ಈಗ ಹೆಡ್ ಕಾನ್‌ಸ್ಟೇಬಲ್. ಇವತ್ತಿಗೂ ಸ್ಕೇಲು ಇಟ್ಟು ಗೆರೆ ಎಳೆಯದೆ ಡೈರಿಯಲ್ಲಿ ಒಂದಕ್ಷರ ಬರೆಯುವುದಿಲ್ಲ. ಒಮ್ಮೆ ಒಬ್ಬ ಕಳ್ಳ, “ಸಾರ್, ಗೆರೆ ಆಮೇಲೆ ಎಳೀರಿ, ಮೊದ್ಲು ಬೇಡಿ ಸಡಿಲ ಮಾಡಿ, ಕೈ ಜೋಮು ಹಿಡೀತು” ಅಂದನಂತೆ! ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳದೆ ಬಿಟ್ಟಿಲ್ಲ.

ಇಂಥ ಚಿಕ್ಕಪ್ಪನನ್ನು ‘ಏಳೂರು ಪಡೆ’ಗೆ ಆರಿಸಿದಾಗ ನಾನಂತೂ ಬೀಗಿಬಿಟ್ಟೆ. ಸುತ್ತಲಿನ ಏಳು ಊರುಗಳು ಒಬ್ಬೊಬ್ಬ ಪೊಲೀಸನನ್ನು ಕೊಟ್ಟು ಕಟ್ಟಿದ ಪಡೆ ಅದು. ಅಂಗಡಿಯವರನ್ನು ಹೆದರಿಸಿ ತಿಂಗಳು ತಿಂಗಳು ವಸೂಲಿ ಮಾಡುವ ಗುಂಪೊಂದಿತ್ತು. ಈ ಊರಲ್ಲಿ ವಸೂಲಿ ಮುಗಿಸಿ ಗಡಿ ದಾಟಿಬಿಟ್ಟರೆ ಯಾವ ಠಾಣೆಯ ಕೈಗೂ ಸಿಗುತ್ತಿರಲಿಲ್ಲ. ಪಡೆಗೆ ಹೋದವರ ಸಂಬಳ ಆಯಾ ಊರಿನ ಪುರಸಭೆಯದೇ, ಕಳಿಸುವುದೂ ವಾಪಸ್ ಕರೆಸುವುದೂ ಅದರದೇ. ಹೆಚ್ಚುವರಿ ಗಂಟೆಗಳಿಗೆ ಮಾತ್ರ ಮೇಲಿನಿಂದ ಅನುದಾನ. ಯಾರ ಗಂಟೆ ಹಾಳೆಯಲ್ಲಿ ಎಷ್ಟು ಗಂಟೆ ಬರೆದಿದೆಯೋ ಅವರ ಊರಿಗೆ ಅಷ್ಟು ಪಾಲು.

ಗುಂಪಿನ ಯಜಮಾನ ಯಾರು, ಎಲ್ಲಿಯವನು ಅಂತ ನಮ್ಮೂರಲ್ಲಿ ಗೊತ್ತಿದ್ದದ್ದು ಪೇಟೆಬೀದಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಒಬ್ಬರಿಗೇ. ಒಮ್ಮೆ ಖುದ್ದಾಗಿ ವಸೂಲಿಗೆ ಬಂದ ಆ ಯಜಮಾನ ಅವರ ಹತ್ತಿರವೇ ಎರಡು ಪ್ಯಾಂಟು ಹೊಲಿಸಿಕೊಂಡಿದ್ದ, ಪುಕ್ಕಟೆ. ಅವನ ಸೊಂಟದ ಅಳತೆ, ಹೆಸರು, ಊರು, ಫೋನ್ ನಂಬರ್ ಎಲ್ಲಾ ಅವರ ಪುಸ್ತಕದಲ್ಲಿತ್ತು.

“ಸಾಕ್ಷಿ ಹೇಳಿ” ಅಂತ ಚಿಕ್ಕಪ್ಪ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ಡ್ಯೂಟಿ ಮುಗಿಸಿ, ಮಾಮೂಲಿ ಅಂಗಿ ಹಾಕಿಕೊಂಡು ಹೋಗಿ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಟೀ ಕುಡಿಯುತ್ತಾ ದೊಡ್ಡ ಬಟನ್ನು ಒಂದು ಡಬ್ಬಿಗೆ, ಚಿಕ್ಕದು ಇನ್ನೊಂದಕ್ಕೆ ಆರಿಸಿ ಹಾಕುತ್ತಿದ್ದರು. ಹೀಗೇ ಮೂರು ತಿಂಗಳು. ಕೊನೆಗೆ ಟೈಲರಮ್ಮನೇ ಮಿಷನ್ ನಿಲ್ಲಿಸಿ ಹೇಳಿದರಂತೆ: “ಸೋಮವಾರ ಬಂದು ಸಹಿ ಹಾಕ್ತೀನಣ್ಣ. ಅಲ್ಲೀತನಕ ನನ್ನ ಹೆಸ್ರು ಯಾವ ಕಾಗದಕ್ಕೂ ಬರಬಾರ್ದು. ಸಹಿ ಹಾಕುವಾಗ ಪಕ್ಕದಲ್ಲಿ ನೀವೇ ಇರ್ಬೇಕು.”

ಎಡವಟ್ಟಾದದ್ದು ಗಂಟೆ ಹಾಳೆಯಲ್ಲಿ. ಆ ಸಂಜೆಗಳನ್ನು ಚಿಕ್ಕಪ್ಪ ಬರೆದೇ ಇರಲಿಲ್ಲ.

“ಬಟನ್ ಆರ್ಸಿದ್ದೂ ಡ್ಯೂಟೀನೇ ಅಲ್ವೇನ್ರೀ?” ಅಂತ ಚಿಕ್ಕಮ್ಮ ರೇಗಿದರು.

“ಕೂತು ಟೀ ಕುಡಿದಿದ್ದಕ್ಕೆಲ್ಲ ಗಂಟೆ ಬರೀತಾರೇನೇ? ನಾಚಿಕೆ ಆಗುತ್ತೆ.”

“ನಿಮ್ ನಾಚಿಕೆಗಿಷ್ಟು! ಮಿಕ್ಕ ಆರು ಜನ ಆಕಳಿಸಿದ್ದನ್ನೂ ಬರ್ಕೊಂಡಿರ್ತಾರೆ.”

ಚಿಕ್ಕಮ್ಮ ಹೇಳಿದ್ದೇನೂ ಸುಳ್ಳಲ್ಲ. ಮೂರು ತಿಂಗಳಿಗೆ ಬೇರೆ ಊರಿನವರದು ತೊಂಬತ್ತು, ನೂರು ಗಂಟೆ. ನಮ್ಮೂರಿನದು ಹನ್ನೊಂದು. ಅನುದಾನದ ಪಾಲು ಅಷ್ಟಕ್ಕೇ ಇಳಿಯಿತು. ಆ ಸೋಮವಾರ ಬರುವ ಮುಂಚೆಯೇ, ಗುರುವಾರ, ಪುರಸಭೆಗೆ ಚಿಕ್ಕಪ್ಪನನ್ನು ಕರೆಸಿದರು. ನಾನೂ ಹೋಗಿ ಅವರ ಹಿಂದಿನ ಬೆಂಚಿನಲ್ಲಿ ಕೂತೆ.

“ನಮ್ ಸಂಬಳ ತಿಂದು ಪರವೂರು ಕಾಯೋಕೆ ಇವರೇನು ನಮ್ಮೂರಿಗೆ ಅಳಿಯಾನಾ?” ಅಂದರು ಒಬ್ಬ ಸದಸ್ಯರು. ಸಭೆ ನಕ್ಕಿತು.

ಅಧ್ಯಕ್ಷರು ನಗಲಿಲ್ಲ. “ನೋಡಿ, ಹನ್ನೊಂದು ಗಂಟೆ ಅಂದ್ರೆ ನಾವು ಏನಂತ ತಿಳ್ಕೋಬೇಕು? ಮಿಕ್ಕ ಸಂಜೆ ಎಲ್ಲಾ ಎಲ್ಲಿದ್ರಿ? ಹೇಳಿ, ಈಗ್ಲೇ ಸರಿ ಮಾಡೋಣ.”

ಸಭಾಂಗಣದಲ್ಲಿ ಅರ್ಧ ಪೇಟೆಯೇ ತುಂಬಿತ್ತು. ಅಲ್ಲಿ ಆಡಿದ ಮಾತು ಸಂಜೆಯೊಳಗೆ ಆ ಗುಂಪಿನ ಕಿವಿ ಮುಟ್ಟುವುದು ಖಂಡಿತ. ಹೇಳಿಬಿಡ್ತಾರೇನೋ ಅಂತ ಒಂದು ಕಡೆ ಭಯ, ಹೇಳಿಬಿಡಲಿ ಅಂತ ಇನ್ನೊಂದು ಕಡೆ ಆಸೆ ನನಗೆ. ಚಿಕ್ಕಪ್ಪನ ಕತ್ತಿನ ಹಿಂದೆ ಬೆವರು ಇಳಿಯುವುದು ಕಾಣುತ್ತಿತ್ತು.

“ಮನೇಲಿದ್ದೆ ಸಾರ್,” ಅಂದರು.

ಅವರನ್ನು ಪಡೆಯಿಂದ ತೆಗೆಯಬೇಕೆಂದು ಎದ್ದ ಕೈಗಳನ್ನು ನಾನು ಎಣಿಸಲಿಲ್ಲ. ಶುಕ್ರವಾರದಿಂದಲೇ ಚಿಕ್ಕಪ್ಪ ಪಡೆಯಿಂದ ವಾಪಸ್. ಶಾಲೆ ಮುಂದಿನ ರಸ್ತೆಯಲ್ಲಿ ಟ್ರಾಫಿಕ್ ಡ್ಯೂಟಿ. ಕೇಸು ಪಡೆಯಲ್ಲಿದ್ದ ಪಕ್ಕದೂರಿನ ಪೊಲೀಸನಿಗೆ.

ಆ ಸಂಜೆ ಚಿಕ್ಕಪ್ಪನ ಜೊತೆ ನಾನೂ ಟೈಲರಂಗಡಿಗೆ ಹೋದೆ. ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು.

“ನನ್ನ ಹೆಸ್ರು ಹೇಳಿದ್ರೆ ಮರ್ಯಾದೆ ಉಳೀತಿತ್ತಲ್ಲಣ್ಣ,” ಅಂದರು ಟೈಲರಮ್ಮ.

“ನಿಮ್ಮಂಗಡಿ ಉಳೀತಿರ್ಲಿಲ್ಲ.” ಚಿಕ್ಕಪ್ಪ ಸ್ಟೂಲಿನ ಮೇಲೆ ಕೂರಲಿಲ್ಲ. “ಹೊಸಬನೂ ಒಳ್ಳೇವ್ನೇ. ಸೋಮವಾರ ಹೋಗ್ಬಿಟ್ಟು ಬನ್ನಿ.”

“ಒಳ್ಳೇವ್ರೇ ಇರಬಹ್ದು. ನನಗೆ ಗೊತ್ತಿಲ್ವಲ್ಲ.” ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿದರು. “ನಾನು ಹೋಗಲ್ಲಣ್ಣ. ಬೈಕೋಬೇಡಿ.”

ಚಿಕ್ಕಪ್ಪ ಬೈಯಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ನನಗೇ ಅಳು ಬಂತು.

ಒಂದನೇ ತಾರೀಖು ಮಧ್ಯಾಹ್ನ ನಾನು ಕಾಲೇಜಿನಿಂದ ಬರುವಾಗ ವಸೂಲಿಯ ಇಬ್ಬರು ಪೇಟೆಬೀದಿಗೆ ತಿರುಗಿದರು. ಶಾಲೆ ಮುಂದೆ ಟ್ರಾಫಿಕ್ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪನೂ ನೋಡಿದರು. ರಸ್ತೆ ಮಧ್ಯದ ಜಾಗ ಬಿಟ್ಟು ದಡದಡ ನಡೆದು ಹೋಗಿ ಟೈಲರಂಗಡಿ ಬಾಗಿಲಿಗೆ ಯೂನಿಫಾರ್ಮಿನಲ್ಲೇ ಅಡ್ಡ ನಿಂತರು.

“ಏನ್ ಸಾರ್, ಬಿಸಿಲಲ್ಲಿ?” ಅಂತ ಒಬ್ಬ ನಕ್ಕ. ಅಂಗಡಿ ಕಡೆ ತಿರುಗಿಯೂ ನೋಡದೆ ಇಬ್ಬರೂ ಮುಂದೆ ಹೋಗಿ ಪಕ್ಕದ ಚಪ್ಪಲಿ ಅಂಗಡಿ ಹತ್ತಿದರು. ಎರಡೇ ನಿಮಿಷ. ಹೊರಗೆ ಬಂದು ಅದರ ಮುಂದಿನ ಅಂಗಡಿಗೆ ನಡೆದರು.

ಚಿಕ್ಕಪ್ಪ ನಿಂತಲ್ಲಿಂದಲೇ ಚಪ್ಪಲಿ ಅಂಗಡಿಯವನನ್ನು ಕೂಗಿದರು: “ಕಂಪ್ಲೇಂಟ್ ಕೊಡ್ತೀಯೇನಪ್ಪಾ? ಈಗ್ಲೇ ಬರ್ಕೋತೀನಿ.”

ಅವನು ತಲೆ ಎತ್ತಲಿಲ್ಲ. ಗಲ್ಲಾಪೆಟ್ಟಿಗೆ ಮುಚ್ಚುತ್ತಾ, “ಯಾವ್ದರ ಬಗ್ಗೆ ಸಾರ್?” ಅಂದ.