ಹದಿಮೂರನೆಯ ದಿನದ ಕಾವು

ಮರಳಿಯಲ್ಲಿ ಶೋಭಾರಾಣಿಯ ಹೆಸರೆತ್ತಿದರೆ ಜನರಿಗೆ ಮೊದಲು ನೆನಪಾಗುವುದು ಮಕ್ಕಳ ಲಸಿಕೆ. ಹದಿನೇಳು ವರ್ಷದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಆಕೆ ಲಸಿಕೆಯ ಫ್ರಿಜ್ಜನ್ನೂ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದರ ಉಷ್ಣತೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಎರಡು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಎಂಟಕ್ಕಿಂತ ಮೇಲೆ ಏರಬಾರದು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಆಕೆಯ ಪುಸ್ತಕ ತಿರುವಿ, "ಬರದ್ರ ಹಿಂಗ ಬರೀಬೇಕು ನೋಡ್ರಿ" ಎಂದು ಉಳಿದವರಿಗೆ ತೋರಿಸಿದ್ದರು. ಆ ಮಾತನ್ನು ಶೋಭಾರಾಣಿ ಮನೆಯಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ಅತ್ತೆ ಹೊಳಿಯಮ್ಮನಿಗೂ ಅದು ಬಾಯಿಪಾಠವಾಗಿತ್ತು.

ಗೌಜಲಕ್ಕಿಯ ಹುಚ್ಚು ಹತ್ತಿಸಿದವಳು ಕನಕಗಿರಿಯ ಗುಲ್ಶನ. ಹಿತ್ತಲಿನ ಪಂಜರಗಳಲ್ಲಿ ಹಕ್ಕಿ ಸಾಕಿ, ವಾರದ ಸಂತೆಯಲ್ಲಿ ಹಕ್ಕಿಯನ್ನೂ ತತ್ತಿಯನ್ನೂ ಮಾರುವ ಹೆಂಗಸು. ನೆಲ್ಲಿಕಾಯಿಯಷ್ಟೇ ಇರುವ, ಮಸಿ ಸಿಡಿಸಿದಂಥ ಚುಕ್ಕೆಗಳ ಆ ತತ್ತಿಗಳನ್ನು ಕಂಡು ಶೋಭಾರಾಣಿಗೆ ಆಸೆಯಾಯಿತು. ಸಾಕಿದ ಗೌಜಲಕ್ಕಿ ತಾನಾಗಿ ಕಾವು ಕೂರುವುದಿಲ್ಲ, ಪೆಟ್ಟಿಗೆಯಲ್ಲಿಟ್ಟು ಕಾವು ಕೊಡಬೇಕು ಎಂದು ಹೇಳಿಕೊಟ್ಟವಳೂ ಗುಲ್ಶನಳೇ. ಗಂಡ ಯಂಕೇಶ ಮೀನು ತರುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತಂದು, ಒಳಗೆ ಎರಡು ಬಲ್ಬು ಮತ್ತು ಅಂಗೈ ಅಗಲದ ಫ್ಯಾನು ಕೂಡಿಸಿ, ಗಂಗಾವತಿಯಿಂದ ತಂದ ಥರ್ಮೋಸ್ಟಾಟ್ ಜೋಡಿಸಿದ. ಮೂವತ್ತೇಳು ಪಾಯಿಂಟ್ ಏಳು ಡಿಗ್ರಿ ಮುಟ್ಟಿದರೆ ಬಲ್ಬು ತಾನೇ ಆರುತ್ತದೆ, ಇಳಿದರೆ ಹತ್ತುತ್ತದೆ. ತೇವಕ್ಕೆ ಒಂದು ಬಟ್ಟಲು ನೀರು. ಹದಿನಾಲ್ಕು ದಿನ ತತ್ತಿಗಳನ್ನು ಹೊರಳಿಸಬೇಕು, ಹದಿನೇಳು ಹದಿನೆಂಟಕ್ಕೆ ಮರಿ ಹೊರಬರುತ್ತವೆ.

ಆ ಜನವರಿಯಲ್ಲಿ ಇಟ್ಟ ಮೂವತ್ತು ತತ್ತಿಗಳಲ್ಲಿ ಇಪ್ಪತ್ತಾರು ಒಡೆದವು. ಹೆಬ್ಬೆರಳಿನಷ್ಟು ಮರಿಗಳ ಫೋಟೋ ಊರಿನ ಎಲ್ಲ ಫೋನುಗಳಲ್ಲೂ ಓಡಾಡಿತು. ಊರಿನ ಸ್ವಸಹಾಯ ಸಂಘದ ಹೆಂಗಸರು ನಮಗೂ ಬೇಕು ಎಂದರು. ಏಪ್ರಿಲ್ ಕೊನೆಗೆ ಶೋಭಾರಾಣಿ ಗುಲ್ಶನಳಿಂದ ಅರವತ್ತು ತತ್ತಿ ತಂದು, ಆರು ಮನೆಗಳಿಗೆ ಮರಿ ಕೊಡುತ್ತೇನೆಂದು ಮಾತು ಕೊಟ್ಟಳು. ಆಸ್ಪತ್ರೆಯಲ್ಲಿ ಮಾಡುವ ಹಾಗೆಯೇ ಪೆಟ್ಟಿಗೆಯ ಪಕ್ಕ ಒಂದು ಹಾಳೆ ತೂಗುಹಾಕಿ ದಿನಕ್ಕೆರಡು ಸಲ ಉಷ್ಣತೆ ಬರೆಯತೊಡಗಿದಳು.

ಪೆಟ್ಟಿಗೆ ಇದ್ದದ್ದು ಹೊರಗಿನ ತಗಡಿನ ಕೋಣೆಯಲ್ಲಿ. ಹೊಳಿಯಮ್ಮ ಮೊದಲ ದಿನವೇ ಹೇಳಿದ್ದಳು. "ಶೋಭಾ, ಬ್ಯಾಸಗಿ ಐತಿ. ತಗಡು ಕಾದ್ರ ಒಳಗ ನಿಂದ್ರಾಕ ಆಗೂದಿಲ್ಲ. ಪೆಟ್ಟಿಗಿ ನಡುಮನ್ಯಾಗ ಇಡು, ಮಣ್ಣಿನ ಗ್ವಾಡಿ ತಂಪಿರ್ತಾವು."

"ಅತ್ತಿ, ಹೊರಗ ಎಷ್ಟರ ಇರಲಿ, ಪೆಟ್ಟಿಗಿ ತನ್ನ ಕಾವು ತಾನ ನೋಡ್ಕೊಂತೈತಿ. ದಿನಾ ಇದ ಕೆಲಸ ಅಲ್ಲೇನ್ರಿ ನಂದು?" ಎಂದು ಶೋಭಾರಾಣಿ ನಕ್ಕಳು.

ಬಲ್ಬು ಆರಿಸುವುದಷ್ಟೇ ಆ ಯಂತ್ರಕ್ಕೆ ಗೊತ್ತು, ತಂಪು ಮಾಡುವುದು ಗೊತ್ತಿಲ್ಲ ಎಂಬುದು ಆಕೆಯ ತಲೆಗೆ ಬರಲಿಲ್ಲ. ಸುತ್ತಲಿನ ಗಾಳಿಯೇ ನಲವತ್ತೆರಡಾದರೆ ಬಲ್ಬು ಆರಿದ್ದರೂ ಪೆಟ್ಟಿಗೆ ಕಾಯುತ್ತಲೇ ಇರುತ್ತದೆ. ಫ್ರಿಜ್ಜು ನೋಡಿಕೊಂಡು ಬಂದವಳಿಗೆ ಇದು ಹೊಳೆಯಬೇಕಿತ್ತು.

ಹದಿಮೂರನೆಯ ದಿನ ಬಿಸಿಲು ವಿಪರೀತವಾಗಿತ್ತು. ಮಧ್ಯಾಹ್ನ ಒಂದೂವರೆಗೆ ಆಸ್ಪತ್ರೆಯಲ್ಲಿದ್ದ ಶೋಭಾರಾಣಿಗೆ ಅತ್ತೆ ಫೋನು ಮಾಡಿದಳು.

"ಪೆಟ್ಟಿಗಿ ಮುಟ್ಟಿದ್ರ ಸುಡಾಕತ್ತೈತಿ. ಮುಚ್ಚಳ ತಗೀಲೇನ?"

ಎದುರಿಗೆ ಹೊಸದಾಗಿ ಬಂದ ಇಬ್ಬರು ನರ್ಸುಗಳು ಕೂತಿದ್ದರು. ಅವರಿಗೆ ಆಕೆ ಫ್ರಿಜ್ಜಿನ ಪುಸ್ತಕ ಹೇಗೆ ಬರೆಯಬೇಕೆಂದು ಹೇಳುತ್ತಿದ್ದಳು. "ಏನೂ ಮುಟ್ಟಬ್ಯಾಡ್ರಿ ಅತ್ತಿ. ನಿಮಗ ತಿಳಿಯೂದಿಲ್ಲ. ಮುಚ್ಚಳ ತಗದ್ರ ಕಾವು ಕೆಡ್ತೈತಿ" ಎಂದು ಗಡಸಾಗಿಯೇ ಹೇಳಿ ಫೋನಿಟ್ಟಳು.

ನಾಲ್ಕೂವರೆಗೆ ಮನೆಗೆ ಬಂದು ನೋಡಿದರೆ ಮೀಟರಿನಲ್ಲಿ ನಲವತ್ತೊಂದು ಪಾಯಿಂಟ್ ನಾಲ್ಕು. ಬಲ್ಬುಗಳೆರಡೂ ಆರಿದ್ದವು. ಬಟ್ಟಲಿನ ನೀರು ತಳ ಕಂಡಿತ್ತು. ಮುಚ್ಚಳ ತೆಗೆದು ಬೀಸಣಿಗೆಯಿಂದ ಬೀಸಿದಳು, ಪೆಟ್ಟಿಗೆಯನ್ನು ಎಳೆದು ನೆರಳಿಗೆ ತಂದಳು, ಸುತ್ತ ಹಸಿ ಗೋಣಿಚೀಲ ಹೊದಿಸಿದಳು. ಕಾವು ಇಳಿಯಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಪೆನ್ನು ತೆಗೆದು ಹಾಳೆಯ ಮುಂದೆ ನಿಂತಳು. ಯಾರೂ ನೋಡುತ್ತಿರಲಿಲ್ಲ. ನಲವತ್ತೊಂದು ಪಾಯಿಂಟ್ ನಾಲ್ಕು ಎಂದು ಬರೆಯಬೇಕಾದಲ್ಲಿ ಮೂವತ್ತೇಳು ಪಾಯಿಂಟ್ ಏಳು ಎಂದು ಬರೆದಳು. ಹದಿನೇಳು ವರ್ಷದಲ್ಲಿ ಆಕೆ ಬರೆದ ಮೊದಲ ಸುಳ್ಳು ಅಂಕಿ ಅದು. ಅಕ್ಷರ ಮಾತ್ರ ಎಂದಿನಂತೆ ದುಂಡಗೇ ಇತ್ತು.

ಹದಿನೆಂಟು ಕಳೆಯಿತು, ಇಪ್ಪತ್ತು ಕಳೆಯಿತು, ಒಂದು ತತ್ತಿಯೂ ಬಿರಿಯಲಿಲ್ಲ. ಇಪ್ಪತ್ತೊಂದನೆಯ ದಿನ ಸಂಘದ ಹೆಂಗಸರು ಬಂದರು. ಅವರಲ್ಲಿ ಮರಿಗಾಗಿ ಬುಟ್ಟಿ ಹಿಡಿದುಕೊಂಡೇ ಬಂದಿದ್ದ ಮುದಕಮ್ಮ ಕೇಳಿದಳು. "ಏನಾತ್ರಿ ಅಕ್ಕಾರ? ಕಾವಿನಾಗ ಏನರ ಹೆಚ್ಚುಕಮ್ಮಿ ಆತೇನು?"

"ಕಾವು ಸರಿ ಐತಿ ನೋಡ್ರಿ" ಎಂದು ಶೋಭಾರಾಣಿ ಹಾಳೆ ತೋರಿಸಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎಲ್ಲರೂ ಆಕೆಯ ಮುಖವನ್ನೇ ನೋಡುತ್ತಿದ್ದರು. "ತತ್ತೀನ ಬರೋಬರಿ ಇರಲಿಕ್ಕಿಲ್ಲ. ಗುಲ್ಶನ ಕಡೆ ಗಂಡು ಹಕ್ಕಿ ಮುದಿ ಆಗಿರಬೇಕು. ಬೀಜ ಇಲ್ಲದ ತತ್ತಿ ಕೊಟ್ಟಾಳ."

ಹೆಂಗಸರು ಹೋದ ಮೇಲೆ ಹಿತ್ತಲಲ್ಲಿ ಕೂತು ಒಂದೊಂದೇ ತತ್ತಿ ಒಡೆದಳು. ಮೊದಲನೆಯದರಲ್ಲಿ ಮರಿ ಇತ್ತು. ಕಂದು ಮೈ, ಬೆನ್ನ ಮೇಲೆ ಹಳದಿ ಗೆರೆ, ಕಾಲು ಮಡಚಿಕೊಂಡು ಸತ್ತಿತ್ತು. ಎರಡನೆಯದರಲ್ಲೂ ಇತ್ತು. ಅರವತ್ತರಲ್ಲಿ ಐವತ್ತಮೂರರಲ್ಲಿ ಮರಿ. ಬಿಸಿಲು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಮುಗಿಸಿತ್ತು. ನುಗ್ಗೆಗಿಡದ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚುವಾಗ ಬೆನ್ನ ಹಿಂದೆ ಹೊಳಿಯಮ್ಮ ನಿಂತಿದ್ದಳು.

"ಒಳಗ ಮರಿ ಇದ್ವೇನ?"

"ಇಲ್ಲ ಅತ್ತಿ. ಬರೇ ನೀರಿತ್ತು."

ಹೊಳಿಯಮ್ಮ ಸ್ವಲ್ಪ ಹೊತ್ತು ಗುಂಡಿಯ ಕಡೆ ನೋಡಿ ಒಳಗೆ ಹೋದಳು. ಅಂದು ತಾನು ಮಾಡಿದ ಫೋನಿನ ಮಾತನ್ನು ಎತ್ತಲಿಲ್ಲ. ಆ ದಿನವೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಎತ್ತಿ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಎಂದು ಶೋಭಾರಾಣಿಗೆ ಎಷ್ಟೋ ಸಲ ಅನ್ನಿಸಿತು. ಊಟಕ್ಕೆ ಕೂತಾಗ ಅತ್ತೆಯ ಮುಖ ನೋಡುವುದನ್ನು ಆಕೆ ಬಿಟ್ಟಳು.

ಬೇರೆ ಯಾರಾದರೂ ಹೇಳಿದ್ದರೆ ಆ ಮಾತು ಮರಳಿಯಲ್ಲೇ ಉಳಿಯುತ್ತಿತ್ತೋ ಏನೋ. ಹೇಳಿದವಳು ನರ್ಸು; ಒಡೆದು ನೋಡಿದೆ, ಬರೇ ನೀರಿತ್ತು ಎಂದು ಮರುದಿನ ಸಂಘದವರಿಗೂ ಹೇಳಿದ್ದಳು. ಮುದಕಮ್ಮ ಸಂತೆಗೆ ಹೋದಾಗ ಹೇಳಿದಳು, ಕೇಳಿದವರು ಇನ್ನಿಬ್ಬರಿಗೆ ಹೇಳಿದರು. ಗುಲ್ಶನಳ ಬಳಿ ಮರಿಗೆಂದು ತತ್ತಿ ಒಯ್ಯುವವರು ಬರುವುದನ್ನೇ ನಿಲ್ಲಿಸಿದರು.

ಜೂನ್ ಎರಡನೆಯ ವಾರ, ಒಂದು ಮಳೆಯಾಗಿ ನೆಲ ತಂಪಾಗಿದ್ದ ದಿನ, ಗುಲ್ಶನಳೇ ಬಸ್ಸು ಹಿಡಿದು ಮರಳಿಗೆ ಬಂದಳು. ಮಡಿಲಲ್ಲಿ ಒಡೆಯದ ಹಾಗೆ ಹಿಡಿದುಕೊಂಡಿದ್ದ ಚೀಲದಲ್ಲಿ ಅರವತ್ತು ತತ್ತಿ ಇದ್ದವು. ಪಡಸಾಲೆಯಲ್ಲಿ ಕೂತು ನೀರು ಕುಡಿದು ಹೇಳಿದಳು.

"ಶೋಭಕ್ಕಾ, ತಪ್ಪು ನಂದೈತಿ. ನೀವು ಒಡದು ನೋಡಿದ್ರಂತ, ಬರೇ ನೀರಿತ್ತಂತ. ಹಂಗಂದ್ರ ಗಂಡು ಹಕ್ಕೀದ ದೋಷ. ಇದ್ದ ಹನ್ನೆರಡೂ ಗಂಡು ಕೊಯ್ಯಾಕ ಕೊಟ್ಟುಬಿಟ್ಟೆ. ಅದರಾಗ ಮೂರು ನನ್ನ ಕೈಯಾಗ ಕಾಳು ತಿಂತಿದ್ವು. ಹೊಸಪ್ಯಾಟಿ ಕಡಿಂದ ಬ್ಯಾರೆ ತಂದೀನಿ. ಇವು ಅವುಗಳ ತತ್ತಿ. ಇಟ್ಟು ನೋಡ್ರಿ."

ಶೋಭಾರಾಣಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಹೊಳಿಯಮ್ಮ ತಲೆ ಎತ್ತಲಿಲ್ಲ. ಈಗ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಗುಲ್ಶನ ಎದ್ದು, ಪಡಸಾಲೆಯ ಗೋಡೆಗೆ ತಂದು ತೂಗುಹಾಕಿದ್ದ ಆ ಕಾವಿನ ಹಾಳೆಯ ಹತ್ತಿರ ಹೋಗಿ, "ಇದನ್ನ ಅಲ್ಲೇನ್ರಿ ಎಲ್ಲಾರೂ ಹೇಳೂದು? ಒಂದು ಫೋಟೋ ಹೊಡ್ಕೊಳ್ಳೇನು? ಸಂತ್ಯಾಗ ತತ್ತಿ ಒಯ್ಯವರಿಗೆ ತೋರಸ್ತೀನಿ, ಕಾವು ಹಿಂಗ ನೋಡ್ಕೋಬೇಕು ಅಂತ" ಎಂದಳು.

"ಹೊಡ್ಕೊಳ್ರಿ" ಎಂದಳು ಶೋಭಾರಾಣಿ. ಆ ಮಾತು ತನ್ನ ಬಾಯಿಂದ ಹೇಗೆ ಬಂತೆಂದು ಆಕೆಗೆ ಇವತ್ತಿಗೂ ತಿಳಿದಿಲ್ಲ. ಗುಲ್ಶನ ಫೋಟೋ ತೆಗೆದುಕೊಂಡು, ತತ್ತಿಗಳನ್ನು ಕೊಟ್ಟು, ಸಂಜೆಯ ಬಸ್ಸಿಗೆ ಹೋದಳು.

ಈ ಸಲ ಪೆಟ್ಟಿಗೆ ನಡುಮನೆಗೆ ಬಂತು. ಥರ್ಮೋಸ್ಟಾಟಿನ ಮಾತನ್ನೇ ನಂಬದೆ ಇನ್ನೊಂದು ಥರ್ಮಾಮೀಟರನ್ನು ತತ್ತಿಗಳ ಮಟ್ಟದಲ್ಲಿ ಮಲಗಿಸಿಟ್ಟಳು. ಕೆಲಸಕ್ಕೆ ಹೋಗುವಾಗ, "ಅತ್ತಿ, ಮೂವತ್ತೆಂಟರ ಮ್ಯಾಲೆ ಹೋದ್ರ ಮುಚ್ಚಳ ಸರಿಸಿಬಿಡ್ರಿ, ನನ್ನ ಕೇಳಬ್ಯಾಡ್ರಿ" ಎಂದು ಹೇಳಿ ಹೋಗುತ್ತಿದ್ದಳು. ಹೊಳಿಯಮ್ಮ "ಹ್ಞೂಂ" ಅನ್ನುತ್ತಿದ್ದಳು, ಅಷ್ಟೇ. ಕೊನೆಯ ಮೂರು ದಿನ ಬಟ್ಟಲಿಗೆ ಒದ್ದೆ ಬಟ್ಟೆಯನ್ನೂ ಸೇರಿಸಿ ತೇವ ಹೆಚ್ಚಿಸಿದಳು.

ಹದಿನೇಳನೆಯ ದಿನ ಬೆಳಿಗ್ಗೆ ಚಿಂವ್ ಚಿಂವ್ ಶಬ್ದ ಕೇಳಿಸಿತು. ಮರುದಿನದ ಹೊತ್ತಿಗೆ ಐವತ್ತೊಂದು ಮರಿ. ಸುದ್ದಿ ಕೇಳಿ ಸಂಘದ ಹೆಂಗಸರೆಲ್ಲ ನಡುಮನೆಯಲ್ಲಿ ನೆರೆದರು. ಮುದಕಮ್ಮ ಒಂದು ಮರಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಹೇಳಿದಳು.

"ನೋಡ್ರಿ, ಅಕ್ಕಾರು ಹೇಳಿದ್ದು ಖರೇ ಆತು! ಗಂಡು ಹಕ್ಕಿ ಬದಲಿ ಮಾಡಿದ ಕೂಡ್ಲೇ ಹೆಂಗ ಮರಿ ಬಂದ್ವು! ಗುಲ್ಶನ ನಮಗ ಅವಾಗ ಮುದಿ ಹಕ್ಕಿ ತತ್ತಿ ಕೊಟ್ಟು ಟೋಪಿ ಹಾಕಿದ್ಳು."

ಎಲ್ಲರೂ ಹೌದು ಹೌದು ಅಂದರು. ಶೋಭಾರಾಣಿಗೆ ಕಿವಿಯ ತನಕ ಬಿಸಿಯೇರಿತು. ಇಷ್ಟು ದಿನ ಅದು ಬರೀ ಸುಳ್ಳಾಗಿತ್ತು. ಈಗ ಅದಕ್ಕೆ ಐವತ್ತೊಂದು ಮರಿಗಳ ಸಾಕ್ಷಿ ಸಿಕ್ಕಿತ್ತು. ಇನ್ನು ಸುಮ್ಮನಿದ್ದರೆ ಅದೇ ನಿಜವಾಗಿ ಉಳಿಯುತ್ತದೆ.

"ಹಕ್ಕೀದು ದೋಷ ಇರಲಿಲ್ಲ" ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಹಕ್ಕೀದು ದೋಷ ಇರಲಿಲ್ಲ. ಆ ತತ್ತ್ಯಾಗ ಮರಿ ಇದ್ವು. ನಾನ ಸುಟ್ಟೆ. ತಗಡಿನ ಕ್ವಾಣ್ಯಾಗ ಇಟ್ಟಿದ್ದೆ, ನಲವತ್ತೊಂದರ ಮ್ಯಾಲೆ ಹೋಗಿತ್ತು. ಅತ್ತಿ ಫೋನ್ ಮಾಡಿ ಹೇಳಿದ್ರು, ನಾ ಕೇಳಲಿಲ್ಲ. ಹಾಳ್ಯಾಗ ಸುಳ್ಳು ಬರದೆ."

ಮುದಕಮ್ಮ ಅಂಗೈಯಲ್ಲಿದ್ದ ಮರಿಯನ್ನು ಕೆಳಗಿಳಿಸಿ, "ಇರಲಿ ಬಿಡ್ರಿ ಅಕ್ಕಾರ, ತತ್ತಿ ತಾನ" ಎಂದು ನಗಲು ನೋಡಿದಳು. ಒಬ್ಬಳು ಮಾತ್ರ, ಆರು ತಿಂಗಳ ಕೂಸನ್ನು ಕಂಕುಳಲ್ಲಿ ಹಿಡಿದಿದ್ದ ಅನುಷಾ, ಶೋಭಾರಾಣಿಯನ್ನು ನೋಡಿ ಮೆಲ್ಲಗೆ ಕೇಳಿದಳು. "ದವಾಖಾನಿ ಪುಸ್ತಕದಾಗ ಖರೇ ಬರೀತೀರಿ ಅಲ್ಲೇನ್ರಿ ಅಕ್ಕಾ?"

"ಖರೇ ಬರೀತೀನವ್ವಾ" ಎಂದಳು ಶೋಭಾರಾಣಿ. ಅದು ನಿಜವೇ ಆಗಿತ್ತು. ಆದರೆ ಅನುಷಾ ಕೇಳಬೇಕಾಗಿ ಬಂತಲ್ಲ, ಆ ಪ್ರಶ್ನೆಗೆ ಎಡೆಯಾಯಿತಲ್ಲ ಎಂದು ಆಕೆ ನೆಲ ನೋಡುತ್ತ ನಿಂತಳು.

ಮುಂದಿನ ಸಂತೆಯ ದಿನ ರಜೆ ಹಾಕಿ ಕನಕಗಿರಿಗೆ ಹೋದಳು. ಗುಲ್ಶನ ಗೋಣಿ ಹಾಸಿ, ಪಂಜರ ಮುಂದಿಟ್ಟುಕೊಂಡು ಕೂತಿದ್ದಳು. ಶೋಭಾರಾಣಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಫೋಟೋ ತೆಗೆಯಲು ಬಿಟ್ಟದ್ದನ್ನೂ ಸೇರಿಸಿ. ಗುಲ್ಶನ ಫೋನು ತೆಗೆದು, ಆ ಫೋಟೋ ಹುಡುಕಿ, ಅಳಿಸಿದಳು.

"ನನ್ನ ಹನ್ನೆರಡು ಹಕ್ಕಿ" ಎಂದಳು ಆಮೇಲೆ.

"ತಪ್ಪಾತ್ರಿ."

"ನನ್ನ ಮುಂದ ಹೇಳಿದ್ರ ಏನು ಬಂತ್ರಿ ನರ್ಸಮ್ಮಾರ? ನನಗ ಸಿಟ್ಟು ಬರ್ತೈತಿ, ಅಷ್ಟ. ಯಾರ ಮುಂದ ನನ್ನ ಹೆಸರು ಕೆಡ್ತೋ ಅವರ ಮುಂದ ಹೇಳ್ರಿ. ಇಲ್ಲೇ ಕುಂದ್ರರಿ."

ಅಕ್ಕಾ ಅನ್ನುತ್ತಿದ್ದವಳು ನರ್ಸಮ್ಮ ಎಂದದ್ದು ಶೋಭಾರಾಣಿಗೆ ನಾಟಿತು. ಗೋಣಿಯ ಅಂಚಿನಲ್ಲಿ ಕೂತಳು. ಬಂದು ಪಂಜರ ನೋಡಿ ಮುಂದೆ ಹೋಗುವವರನ್ನು ಗುಲ್ಶನ ಕರೆಯುತ್ತಿದ್ದಳು, "ಬರ್ರಿ, ಇವರ ಮಾತು ಕೇಳ್ರಿ" ಅನ್ನುತ್ತಿದ್ದಳು. ಶೋಭಾರಾಣಿ ಹೇಳುತ್ತಿದ್ದಳು: ತತ್ತಿ ಒಳ್ಳೆಯವಿದ್ದವು, ಕಾವು ತಪ್ಪಿಸಿದವಳು ನಾನು. ಕೆಲವರು ತಲೆಯಾಡಿಸಿ ಹೋದರು. ಕೆಲವರು ಆಕೆಯ ಗುರುತು ಹಿಡಿದು, "ನೀವು ಆ ಸೂಜಿ ಮಾಡೋ ಅಕ್ಕಾರಲ್ಲೇನ್ರಿ?" ಎಂದು ಬೆರಗಿನಿಂದ ನೋಡಿದರು. ಹತ್ತನೆಯ ಸಲ ಹೇಳುವಾಗಲೂ ನಾಚಿಕೆ ಮೊದಲ ಸಲದಷ್ಟೇ ಇತ್ತು. ಹೇಳಿ ಹೇಳಿ ಹಗುರವಾಗುತ್ತದೆ ಎಂದುಕೊಂಡಿದ್ದು ಸುಳ್ಳಾಯಿತು.

ಹಾಗೆ ಮೂರು ಸಂತೆಗೆ ಹೋದಳು. ಗಾದಿಲಿಂಗಪ್ಪ ಎಂಬ ರೈತ ಮತ್ತೆ ತತ್ತಿ ಒಯ್ದ, ಅವನ ಬೀಗರ ಮನೆಯವರೂ ಒಯ್ದರು. ಮೊದಲು ಒಯ್ಯುತ್ತಿದ್ದ ಇನ್ನಿಬ್ಬರು ಬರಲೇ ಇಲ್ಲ. ಅವರು ಬೇರೆ ಕಡೆ ರೂಢಿ ಮಾಡಿಕೊಂಡಿದ್ದರು.

ಮೂರನೆಯ ಸಂತೆಯಲ್ಲಿ ಮುದುಕನೊಬ್ಬ ಬಂದು ನಿಂತಾಗ ಶೋಭಾರಾಣಿ ಎಂದಿನಂತೆ ಬಾಯಿ ತೆರೆದಳು. ಗುಲ್ಶನ ಕೈ ಅಡ್ಡ ಮಾಡಿ ಮುದುಕನಿಗೆ, "ತತ್ತಿ ಎಷ್ಟು ಬೇಕ್ರಿ ಯಜಮಾನ್ರ?" ಎಂದಳು. ತತ್ತಿ ಕಟ್ಟಿಕೊಡುತ್ತ, ಈ ಕಡೆ ನೋಡದೆಯೇ, "ನಿಮ್ಮ ಬಸ್ಸಿನ ಹೊತ್ತಾತು" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಸಲಿಗೆಯೂ ಇರಲಿಲ್ಲ. ಶೋಭಾರಾಣಿ ಎದ್ದು ಸೀರೆಗೆ ಹತ್ತಿದ್ದ ಹೊಟ್ಟು ಕೊಡವಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.