ಲೆಕ್ಕಕ್ಕೆ ಬಾರದ ಗಂಜಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅಪ್ಪನಿಗೆ ಎದೆನೋವು ಬಂತು. ಕಾರವಾರದ ಡಾಕ್ಟರು ಕೊಬ್ಬು ಕಡಿಮೆ ಮಾಡಿ, ಮೊದಲು ತೆಂಗಿನಕಾಯಿ ಬಿಡಿ ಎಂದರು. ಕೇಣಿಯ ನಮ್ಮ ಮನೆಯಲ್ಲಿ ಕಾಯಿ ಬಿಡುವುದೆಂದರೆ ಅಡುಗೆಯನ್ನೇ ಬಿಟ್ಟಂತೆ. ಅಮ್ಮ, ನಮ್ಮ ಆಯಿ, ಕದ್ದು ತುರಿದಾಳು ಎಂದು ಕಾಯಿ ತುರಿಯುವ ಮಣೆಯನ್ನೇ ಚೀಲಕ್ಕೆ ತುಂಬಿ, ನಾನು ಕೆಲಸಕ್ಕಿದ್ದ ಮಲ್ಲಾಪುರದ ಕ್ವಾರ್ಟರ್ಸಿಗೆ ಒಯ್ದೆ. ಓದಿದ ಮಗಳೆಂಬ ಜಂಬ ಬೇರೆ.

"ಇದು ಮೀನ್ ಸಾರೋ, ಮೀನ್ ತೊಳದ ನೀರೋ?" ಎಂದು ಅಪ್ಪ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಆ ಹಸಿವನ್ನು ಮರುದಿನ ಹತ್ತು ಗಂಟೆಯ ಗಂಜಿಯಲ್ಲಿ ತೀರಿಸಿಕೊಳ್ಳುತ್ತಿದ್ದ. ಒಂದು ಬಟ್ಟಲು ಕುಡಿಯುತ್ತಿದ್ದವನು ಮಾವಿನಮಿಡಿ ನೆಂಚಿಕೊಂಡು ಮೂರು ಬಟ್ಟಲಿಗೆ ಬಂದ. ನನಗೆ ಸಂತೋಷವೇ ಆಯಿತು. ಗಂಜಿಯಲ್ಲಿ ಎಣ್ಣೆಯಿಲ್ಲ, ಕಾಯಿಯಿಲ್ಲ. ಭಾನುವಾರ ಹೋದಾಗ ನಾನೇ ಒತ್ತಾಯ ಮಾಡಿ ಬಡಿಸುತ್ತಿದ್ದೆ.

ಐದಾರು ವರ್ಷ ಕಳೆದ ಮೇಲೆ ಅವನ ಕಾಲಿನಲ್ಲೊಂದು ಗಾಯವಾಯಿತು, ಮಾಯಲೇ ಇಲ್ಲ. ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಈ ಸಲದ ಡಾಕ್ಟರಮ್ಮ, ಕಾಯಿ ಸ್ವಲ್ಪ ತಿಂದರೆ ಅಡ್ಡಿಯಿಲ್ಲ, ಅನ್ನವೇ ಕಡಿಮೆಯಾಗಬೇಕು ಎಂದರು. ದಿನಕ್ಕೆ ಎಷ್ಟು ಸಲ ಅನ್ನ ಎಂದು ಕೇಳಿದಾಗ ಆಯಿ, "ಎರಡೇ ಸಲ" ಎಂದಳು. ನಾನೂ ತಲೆಯಾಡಿಸಿದೆ. ಇಬ್ಬರೂ ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಹತ್ತಕ್ಕೆ ಸಿಕ್ಕವರನ್ನು ಗಂಜಿ ಆಯ್ತಾ ಎಂದು ಕೇಳುತ್ತೇವೆ, ಒಂದಕ್ಕೆ ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುತ್ತೇವೆ. ಗಂಜಿಯನ್ನು ಅನ್ನವೆಂದು ಎಣಿಸಿದವರು ಯಾರೂ ಇರಲಿಲ್ಲ.

ಆ ಎರಡು ಊಟ ಚಿಕ್ಕದಾಯಿತು, ಗಂಜಿ ಮಾತ್ರ ಹಾಗೇ ಇತ್ತು. ಕೆಲವು ತಿಂಗಳಲ್ಲಿ ಪಾದ ಕಪ್ಪಾಯಿತು. ಆಸ್ಪತ್ರೆಗೆ ಸೇರಿಸಿದ ದಿನ ನರ್ಸ್ ಬೆಳಿಗ್ಗೆ ಏನು ಕೊಟ್ಟಿದ್ದಿರಿ ಎಂದು ಕೇಳಿದಳು. "ಎಂತದೂ ತಿನ್ನಲಿಲ್ಲ, ಮೂರು ಬಟ್ಲು ಗಂಜಿ ಅಷ್ಟೇ" ಎಂದಳು ಆಯಿ. ನರ್ಸ್ ನನ್ನ ಮುಖ ನೋಡಿದಳು. ಆಗ ನನಗೆ ತಿಳಿಯಿತು.

ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವನು ಅಪ್ಪ.

ಅವನು ಮನೆಗೆ ಬಂದ ವಾರ ನಾನು ಮಣೆಯನ್ನು ಕೇಣಿಗೆ ತಂದು ಆಯಿಯ ಮುಂದಿಟ್ಟೆ. ಅಲಗಿಗೆ ತುಕ್ಕು ಹಿಡಿದಿತ್ತು. ಅವಳು ಬೂದಿ ಹಾಕಿ ತಿಕ್ಕತೊಡಗಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಇನ್ನು ಕಾಯಿ ತಿನ್ನಬಹುದು, ಗಂಜಿಯೇ ಕಡಿಮೆ ಮಾಡಬೇಕಂತೆ ಎಂದು ಅಪ್ಪನಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ:

"ಈ ಡಾಕ್ಟ್ರು ಹೇಳದ್ದು ಎಷ್ಟು ವರ್ಷದ ಮಟ್ಟಿಗೆ, ಮಗಾ?"

ಹತ್ತು ಗಂಟೆಯಾಗಿತ್ತು. ಆಯಿ ಗಂಜಿಯ ಪಾತ್ರೆಗೆ ಸೌಟು ಹಾಕಿ ನನ್ನತ್ತ ತಿರುಗಿದಳು. "ಎಷ್ಟು ಹಾಕ್ಲೇ?" ಎಂದಳು.

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.