ಹಿಂದೆ ಕೂರುವವಳ ಸೈಕಲ್ಲು

ಮದರಾಸಿನಲ್ಲಿ ರೈಲ್ವೆ ಗುಮಾಸ್ತನಾಗಿದ್ದಾಗ, ಮದುವೆಯಾದ ಹೊಸತರಲ್ಲಿ, ಸೈಕಲ್ಲು ಕೊಳ್ಳಲು ಹೆಂಡತಿಯನ್ನೂ ಪುರಸೈವಾಕ್ಕಂ ಪೇಟೆಗೆ ಕರೆದುಕೊಂಡು ಹೋಗಿದ್ದೆ. ಬೆಲ್ಲು ಬಾರಿಸಿ, ಬ್ರೇಕು ಹಿಡಿದು, ಎಲ್ಲ ಗೊತ್ತಿದ್ದವನ ಹಾಗೆ ಒಂದನ್ನು ಆರಿಸಿದೆ. ಅಂಗಡಿಯ ಯಜಮಾನರು ಒಪ್ಪಲಿಲ್ಲ.

“ಓಡಿಸುವವರಿಗೆ ಯಾವುದಾದರೂ ಒಗ್ಗುತ್ತದೆ ಸಾರ್. ಅಮ್ಮ ಒಮ್ಮೆ ಕೂತು ನೋಡಲಿ” ಎಂದು ತಮಿಳಿನಲ್ಲಿ ಹೇಳಿ, ತಾವೇ ಹ್ಯಾಂಡಲ್ಲು ಹಿಡಿದು ನಿಂತರು.

ಕುಂದಾಪುರದ ಹುಡುಗಿ, ತುಂಬಿದ ಬೀದಿಯಲ್ಲಿ ನಾಚಿ ನೀರಾದಳು. ನಾನು ಆರಿಸಿದ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು, ಬೇಡವೆಂದು ತಲೆಯಾಡಿಸಿ ಇಳಿದಳು. ಪಕ್ಕದ್ದರ ಸೀಟಿನಡಿ ದಪ್ಪ ಸ್ಪ್ರಿಂಗುಗಳಿದ್ದವು. ಅದರ ಹಿಂದೆ ಕೂತವಳ ಬೆರಳು ಒಂದು ಸ್ಪ್ರಿಂಗನ್ನು ಭದ್ರವಾಗಿ ಸುತ್ತಿಕೊಂಡಿತು.

“ಇದ್ರಲ್ ಹಿಡ್ಕಂಬುಕೆ ಆತ್ತ್” ಎಂದಳು ಮೆಲ್ಲಗೆ.

ನಾಲ್ಕು ಜನರೆದುರು ಗಂಡನನ್ನು ಹಿಡಿದುಕೊಳ್ಳುವುದುಂಟೇ? ಅದನ್ನೇ ಕೊಂಡೆವು.

ತಿರುವೊಟ್ಟಿಯೂರಿನ ನಮ್ಮ ಮನೆಗೆ ಕಡಲ ಗಾಳಿ ಬಡಿಯುತ್ತಿತ್ತು. ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ನಾನು ಸೈಕಲ್ಲು ಒರೆಸುತ್ತಿದ್ದೆ; ಆ ಸ್ಪ್ರಿಂಗಿಗೆ ಮಾತ್ರ ಅವಳೇ ತೆಂಗಿನೆಣ್ಣೆ ಸವರುತ್ತಿದ್ದಳು. ವರ್ಷ ತುಂಬುವುದರೊಳಗೆ ಅವಳ ಕೈ ತಾನಾಗಿಯೇ ನನ್ನ ಭುಜಕ್ಕೆ ಬಂತು.

ಎಣ್ಣೆಯ ಉಪಚಾರ ಮಾತ್ರ ಕೊನೆಯವರೆಗೂ ಸ್ಪ್ರಿಂಗಿಗೇ.